ಪಂಪಿನೊಳಗಿಂದ ಹೊರಬಂದ ಬಸವನಹುಳು ಮಹಾಶಯರಿಗೆ

ಮಾನ್ಯರೇ,

ಹಿಂದಿನ ವಿಳಾಸ ತಿಳಿಸದೆ, ಮನೆಯನ್ನೇ ಬೆನ್ನ ಮೇಲೆ ಹೊತ್ತು ನಮ್ಮಲ್ಲಿಗೆ ದಯಮಾಡಿಸಿದ ತಮಗೆ ಈ ಬಡಪಾಯಿ ಗೃಹಸ್ಥನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂಬುದು ಮೀನಿನ ತೊಟ್ಟಿಯ ಗಾಜಿನಲ್ಲಿ ದಿನವೂ ಕಾಣುತ್ತಿದೆ. ನಾನು ಕ್ಷೇಮವಾಗಿಲ್ಲ, ಅದಕ್ಕೇ ಈ ಬಹಿರಂಗ ಪತ್ರ.

ಆ ತೊಟ್ಟಿ, ಕೊಳವೆ, ಪಂಪುಗಳನ್ನು ಗುಜರಿ ಅಂಗಡಿಯಿಂದ ಹೊತ್ತು ತಂದವನು ನಾನೇ. ಅಷ್ಟರಲ್ಲಾಗಲೇ ನನ್ನ ಎರಡು ಕೆಂಪು ಮೀನುಗಳು ಅತ್ತೆಯವರ ಅತಿ ದೊಡ್ಡ ಪಾತ್ರೆಯಲ್ಲಿ ಹದಿನೈದು ದಿನಗಳಿಂದ ಬಿಡಾರ ಹೂಡಿದ್ದವು. ಭಾನುವಾರ ತಪಾಸಣೆಯೆಂದು ಹೆಂಡತಿ ಘೋಷಿಸಿದಳು: “ಒಂದು ಚೂರು ಕೊಳೆ ಕಂಡ್ರೂ ತೊಟ್ಟಿ ವಾಪಸ್ ಗುಜರಿಗೆ, ಮೀನು ಪಕ್ಕದ ಮನೆಗೆ.” ಆ ಮೀನುಗಳಿಗೆ ಮನಸೋತಿದ್ದ ನಾನು ಅಂದೇ ತೋಳು ಮಡಚಿದೆ.

ಗಾಜಿನ ಬಿಳಿ ಕರೆಗೆ ವಿನೆಗರ್ ಹಚ್ಚಿ ಉಜ್ಜಿದೆ, ಕೊಳವೆಗಳಿಗೆ ಬಾಟಲಿ ತೊಳೆಯುವ ಬ್ರಷ್ ತೂರಿಸಿದೆ, ಸಂದಿಗೊಂದಿಗಳಿಗೆ ಹಲ್ಲುಜ್ಜುವ ಬ್ರಷ್ ಹಿಡಿದೆ. ಅದು ಮಾವನವರದೆಂದು ಅವರಿಗೆ ಇಂದಿಗೂ ತಿಳಿಯದ ಕಾರಣ ಈ ವಾಕ್ಯವನ್ನು ತಾವು ಓದಿದ ಕೂಡಲೇ ಮರೆಯತಕ್ಕದ್ದು. ಪಂಪಿನ ಹಿಂದಿನ ಮುಚ್ಚಳದ ತುಕ್ಕು ಹಿಡಿದ ಸ್ಕ್ರೂ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹೊರಗಿನಿಂದ ಬಟ್ಟೆಯಾಡಿಸಿ, ಎಲ್ಲವನ್ನೂ ಬಿಚ್ಚಿ ತೊಳೆದಿದ್ದೇನೆಂದು ಎದೆ ತಟ್ಟಿ ಹೇಳಿಬಿಟ್ಟೆ.

ತಪಾಸಣೆ ಸುಸೂತ್ರವಾಗಿಯೇ ನಡೆದಿತ್ತು. ಅಂಚು ಸವರಿದ ಬೆರಳು ಶುಭ್ರವಾಗಿದ್ದುದಕ್ಕೆ ಕೊಂಚ ನಿರಾಶಳಾದ ಹೆಂಡತಿ, ತೊಟ್ಟಿಗೆ ನೀರು ತುಂಬಿಸಿ, ಇನ್ನೇನು ಮೀನುಗಳನ್ನು ಬಿಡಬೇಕು, ಅಷ್ಟರಲ್ಲಿ ಒಳಗಿಳಿಸಿದ್ದ ಪಂಪಿನ ಅದೇ ಮುಚ್ಚಳದ ಸಂದಿಯಿಂದ ಎರಡು ಕೊಂಬು, ಆಮೇಲೆ ತಲೆ, ಆಮೇಲೆ ಪಾಚಿ ಮೆತ್ತಿದ ಚಿಪ್ಪು! ನನ್ನ ಮಾನ ಕಳೆಯಲು ತಾವು ಬರೋಬ್ಬರಿ ಕಾಲು ಗಂಟೆ ತೆಗೆದುಕೊಂಡಿರಿ, ಮನೆಮಂದಿಯೆಲ್ಲ ನಿಂತು ನೋಡಿದರು. ಇಷ್ಟು ಸಾವಧಾನವಾಗಿ ಸಾಕ್ಷಿ ಹೇಳುವವರನ್ನು ನಾನೆಲ್ಲೂ ಕಂಡಿಲ್ಲ.

ಆದ್ದರಿಂದ ತಾವು ಪಂಪಿನವರಲ್ಲ, ಬೀದಿಯಿಂದ ಮೂರು ಮಹಡಿ ಮೆಟ್ಟಿಲು ಹತ್ತಿ ಬಂದವರೆಂದು ಲಿಖಿತ ಹೇಳಿಕೆ ಕೊಡಬೇಕಾಗಿ ವಿನಂತಿ. ಆಗದಿದ್ದರೆ ಬಂದ ದಾರಿಯಲ್ಲೇ ಹಿಂದು ಹಿಂದಕ್ಕೆ ಒಳಹೊಕ್ಕು, ಎಲ್ಲರೂ ಕಂಡದ್ದು ಕನಸೆಂದು ಸಾಧಿಸಲು ನನಗೆ ಅನುವು ಮಾಡಿಕೊಡಿ.

ಉಪಕಾರವನ್ನು ಮರೆತಿಲ್ಲ. ತೊಟ್ಟಿಯನ್ನು ಗುಜರಿಗೆ ಕಳಿಸಲೆಂದು ಹೆಂಡತಿ ನೀರು ಖಾಲಿ ಮಾಡಲು ಹೊರಟಾಗ ತಾವು ನನ್ನ ಕೈಗೆಟುಕದ ಮೂಲೆಯ ಪಾಚಿಯನ್ನು ನೆಕ್ಕತೊಡಗಿದಿರಿ. ಅವಳು ಕಣ್ಣರಳಿಸಿ, “ಈ ಮನೇಲಿ ಹೇಳದೇನೇ ಕೆಲಸ ಮಾಡೋರು ಒಬ್ರಾದ್ರೂ ಬಂದ್ರಲ್ಲ!” ಎಂದಳು. ತೊಟ್ಟಿ ಉಳಿಯಿತು, ಮೀನುಗಳು ಇಳಿದವು, ಪಾತ್ರೆ ಅತ್ತೆಯವರ ಕೈಸೇರಿತು. ನಾನು ಅಡುಗೆಮನೆಯಲ್ಲಿ ಒಬ್ಬನೇ ಕುಣಿದೆ. ಅಂದಿನಿಂದ ಮನೆಯ ಯಾವ ಕೆಲಸಕ್ಕೂ ನನಗೆ ತಮ್ಮ ಉದಾಹರಣೆಯನ್ನೇ ಕೊಡಲಾಗುತ್ತಿದೆ.

ತಮ್ಮ ವಿಶ್ವಾಸಿ,
ತೊಟ್ಟಿಯ ದ್ವಿತೀಯ ದರ್ಜೆ ಸಹಾಯಕ

ತಾ.ಕ.: ಗಾಜಿನ ಹಿಂಬದಿಯಲ್ಲಿ ತಾವು ಅಂಟಿಸಿರುವ ಮೊಟ್ಟೆಗಳನ್ನು ಕಂಡೆ, ಮಹಾಶಯರೆಂದು ಕರೆದದ್ದಕ್ಕೆ ಕ್ಷಮೆಯಿರಲಿ. ಹೆಂಡತಿಗಿನ್ನೂ ಹೇಳಿಲ್ಲ. ಅದಕ್ಕೆ ಪ್ರತಿಯಾಗಿ ತಾವು, ಈ ಪತ್ರ ಅಚ್ಚಾದ ದಿನ ಮಾವನವರ ಪತ್ರಿಕೆಯಲ್ಲಿ ಸರಿಯಾಗಿ ಆ ಹಲ್ಲುಜ್ಜುವ ಬ್ರಷ್ಷಿನ ವಾಕ್ಯದ ಮೇಲೆ ಬಂದು ಕೂರಬೇಕು. ಈಗಲೇ ಹೊರಟರೆ ತಲುಪಬಹುದು.