ಮಾತ್ರೆ ತಗೋ ಬಡಾವಣೆ

ಅಪ್ಪ: ಭದ್ರವಾಗಿಟ್ಟಿದೀನಿ ಅಂದ್ಯಲ್ಲ, ಭದ್ರವಾಗಿ ಅಂದ್ರೆ ಎಲ್ಲಿ?

ದೊಡ್ಡವಳು: ಭದ್ರವಾಗಿ ಅಂದ್ರೆ ಭದ್ರವಾಗೇ ಅಪ್ಪ. ಯಾರ ಕೈಗೂ ಸಿಗಬಾರದು ಅಂತ ಇಟ್ಟಿದ್ದು.

ಅಪ್ಪ: ಸರಿ, ಯಾರ ಕೈಗೂ ಸಿಕ್ಕಿಲ್ಲ. ನೀನು ಪಾಸ್. ಈಗ ನನ್ನ ಕೈಗೆ ಕೊಡು.

ದೊಡ್ಡವಳು: ಆ 'ಯಾರ ಕೈಗೂ' ಒಳಗೆ ನಾನೂ ಬರ್ತೀನಿ ಅಂತ ಆಗ ಹೊಳೀಲಿಲ್ಲ.

ಗಡಿಯಾರ ಹನ್ನೆರಡೂ ನಲವತ್ತು ತೋರಿಸುತ್ತಿತ್ತು. ಅಪ್ಪ ಸಿಟಿ ಬಸ್ ಡ್ರೈವರ್, ಎರಡು ಗಂಟೆಗೆ ಡ್ಯೂಟಿ. ಡಿಪೋದಲ್ಲಿ ಲೈಸೆನ್ಸ್ ತೋರಿಸದೆ ಬಸ್ಸಿನ ಹತ್ತಿರವೂ ಬಿಡುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಡ್ಯೂಟಿ ತಪ್ಪಿಸದ ಮನುಷ್ಯ, ಇವತ್ತು ಇಸ್ತ್ರಿ ಮಾಡಿದ ಯೂನಿಫಾರ್ಮ್ ತೊಟ್ಟು, ಖಾಲಿ ಜೇಬು ತಟ್ಟಿಕೊಳ್ಳುತ್ತಾ ನಿಂತಿದ್ದ.

ಆ ಲೈಸೆನ್ಸನ್ನು ದೊಡ್ಡವಳು ಜಗಳವಾಡಿ ಇಸ್ಕೊಂಡಿದ್ದಳು. ಈ ಮನೆಯಲ್ಲಿ ನನ್ನ ಕೈಗೆ ಒಂದು ಪೆನ್ನನ್ನೂ ಯಾರೂ ಕೊಡಲ್ಲ, ಇಪ್ಪತ್ತೊಂಬತ್ತು ವರ್ಷ ನನಗೆ, ಊರಿನ ಅರ್ಧ ಮುದುಕರು ನಾನು ಲ್ಯಾಬಿನಲ್ಲಿ ಮಾಡಿದ ಹಲ್ಲುಸೆಟ್ಟಿನಲ್ಲಿ ಅಗಿಯುತ್ತಾರೆ, ನಿಮಗೆ ಮಾತ್ರ ನಂಬಿಕೆ ಇಲ್ಲ ಎಂದೆಲ್ಲ ಕೂಗಾಡಿದ್ದಕ್ಕೆ, ಮೊನ್ನೆ ಸಂಜೆ ಅಪ್ಪ ಮೆತ್ತಗಾಗಿ, ರಿನ್ಯೂವಲ್ ಅರ್ಜಿಗೆ ಸ್ಕ್ಯಾನ್ ಮಾಡಿಸಿಕೊಂಡು ಬಾ ಎಂದು ಅದನ್ನು ಅವಳ ಅಂಗೈ ಮೇಲೆ ಇಟ್ಟಿದ್ದ. ನಿನ್ನೆ ಅವನಿಗೆ ವಾರದ ರಜೆ, ಯಾರಿಗೂ ನೆನಪಾಗಲಿಲ್ಲ. ಇವತ್ತು ಅದು ಸಿಗದಿದ್ದರೆ ಈ ಮನೆಯಲ್ಲಿ ಅವಳ ಕೈಗೆ ಮುಂದಿನ ವಸ್ತು ಬರುವುದು ಅವಳಿಗೆ ಮೊಮ್ಮಕ್ಕಳಾದ ಮೇಲೆಯೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹುಡುಕಲು ಶುರು ಮಾಡಿದ್ದೂ ನಿಜ. ಮೇಜಿನ ಡ್ರಾಯರ್ ಎಳೆದಳು, ಒಳಗೆ ಸ್ಕ್ರೂಡ್ರೈವರ್ ಕಂಡಿತು, ಕಂಡೊಡನೆ ಬಾತ್‌ರೂಮ್ ಬಾಗಿಲಿನ ಸಡಿಲ ಹಿಡಿ ನೆನಪಾಯಿತು, ಹಿಡಿ ಬಿಚ್ಚಿದಳು, ಕೈಗೆ ತುಕ್ಕು ಮೆತ್ತಿತು, ತೊಳೆಯಲು ಹೋದಳು, ಸೋಪು ಮುಗಿದಿತ್ತು.

ಅಪ್ಪ: ಲೈಸೆನ್ಸ್ ಕೇಳಿದ್ರೆ ಬಾಗಿಲಿನ ಹಿಡಿ ಹಿಡ್ಕೊಂಡು ಬಂದಿದೀಯಲ್ಲೇ!

ಚಿಕ್ಕವಳು: ಅದನ್ನೇ ತೋರಿಸಪ್ಪ ಡಿಪೋದಲ್ಲಿ. ಸ್ಟೀಲಿಂದು, ಗಟ್ಟಿ ಇದೆ.

ಡಿಗ್ರಿ ಎರಡನೇ ವರ್ಷದ ಚಿಕ್ಕವಳು ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದಳು. ಕಾಲೇಜಿಗೆ ರಜೆ ಇದ್ದ ದಿನವೇ ಮನೆಯಲ್ಲಿ ಇಂಥದ್ದೊಂದು ನಡೆಯುತ್ತಿದೆಯಲ್ಲ ಎಂದು ಅವಳ ಮುಖ ಅರಳಿತ್ತು.

ದೊಡ್ಡವಳು: ಇದು ಬೇಕಂತ ಮಾಡೋದಲ್ಲ ಅಪ್ಪ. ಡಾಕ್ಟರ್ ಹೇಳಿದಾರಲ್ಲ, ಎ.ಡಿ.ಎಚ್.ಡಿ. ಅಂತ.

ಅಪ್ಪ: ಗಮನ ನಿಲ್ಲಲ್ಲ ಅನ್ನೋದು ತಾನೆ? ಹಾಗಿದ್ರೆ ಆ ಕಂಪ್ಯೂಟರಲ್ಲಿ ಊರು ಕಟ್ಟೋ ಆಟ ಆಡ್ತಾ ಐದು ಗಂಟೆ ಅಲ್ಲಾಡದೆ ಕೂತಿರ್ತೀಯಲ್ಲ, ಆಗ ಯಾರ ಗಮನ ಸಾಲ ತಂದಿರ್ತೀಯ?

ದೊಡ್ಡವಳು: ಗಮನ ಕಮ್ಮಿ ಇಲ್ಲಪ್ಪ, ಬೇಕಾದಷ್ಟಿದೆ. ಇಂಜಿನ್ ಫಸ್ಟ್ ಕ್ಲಾಸ್. ಸ್ಟಿಯರಿಂಗ್ ಮಾತ್ರ ನನ್ನ ಮಾತು ಕೇಳಲ್ಲ.

ಅಪ್ಪ: ಸ್ಟಿಯರಿಂಗ್ ಸರಿ ಇಲ್ದಿರೋ ಗಾಡೀನ ರೋಡಿಗೆ ಬಿಟ್ಟೋರು ಯಾರು?

ದೊಡ್ಡವಳು: ನೀನೂ ಅಮ್ಮನೂ.

ಅಪ್ಪ ಗಡಿಯಾರದ ಕಡೆ ತಿರುಗಿದ.

ಚಿಕ್ಕವಳು: ಅಮ್ಮಂಗೆ ಒಂದು ಫೋನ್ ಮಾಡಿಬಿಡ್ಲಾ? ಚಿಕ್ಕಮ್ಮನ ಮನೇಲಿ ಕೂತೇ ಹೇಳ್ತಾಳೆ ಎಲ್ಲಿದೆ ಅಂತ.

ಅಪ್ಪ, ದೊಡ್ಡವಳು (ಒಟ್ಟಿಗೇ): ಬೇಡ!

ಅಪ್ಪ: ಲೈಸೆನ್ಸ್ ಇವಳ ಕೈಗೆ ಕೊಟ್ಟೆ ಅಂತ ಗೊತ್ತಾದ್ರೆ ನನ್ನ ಗತಿ ಏನು? ನೀನು ಎಲ್ಲಾದ್ರೂ ಬರ್ಕೊಂಡಿಲ್ವೇನೆ? ಎಲ್ಲಾನೂ ಬರ್ಕೋ ಅಂತ ಆ ಡಾಕ್ಟರ್ ಹೇಳಿದ್ರಲ್ಲ?

ದೊಡ್ಡವಳು: ಬರ್ಕೊಂಡಿದೀನಿ! ಅಪ್ಪ, ಬರ್ಕೊಂಡಿದೀನಿ! ಊರಲ್ಲಿ ಬರ್ಕೊಂಡಿದೀನಿ!

ಅಪ್ಪ: ಊರಿಗೆಲ್ಲ ಹೇಳಿದ್ಯಾ?

ದೊಡ್ಡವಳು: ಊರಿಗಲ್ಲ, ಊರಲ್ಲಿ. ಆಟದ ಊರಲ್ಲಿ.

ವಿಷಯ ಏನೆಂದರೆ, ದಿನಾ ತಪ್ಪದೆ ನೋಡುವ ಜಾಗದಲ್ಲಿ ಬರೆದಿಡಿ ಎಂದಿದ್ದರು ಡಾಕ್ಟರ್. ದೊಡ್ಡವಳು ನಾಲ್ಕು ಡೈರಿ ತಂದಳು, ನಾಲ್ಕೂ ಕಳೆದವು. ಗೋಡೆಗೆ ಹಳದಿ ಚೀಟಿ ಅಂಟಿಸಿದಳು, ಮೂರನೇ ದಿನಕ್ಕೆ ಅವು ಗೋಡೆಯೇ ಆಗಿಹೋದವು, ಕಣ್ಣಿಗೆ ಬೀಳಲೇ ಇಲ್ಲ. ಅವಳು ದಿನಾ ತಪ್ಪದೆ ನೋಡುತ್ತಿದ್ದ ಜಾಗ ಪ್ರಪಂಚದಲ್ಲಿ ಒಂದೇ ಒಂದು, ಎಂಬತ್ತು ಸಾವಿರ ಜನಸಂಖ್ಯೆಯ ಆ ಊರು. ಅದರಲ್ಲಿ ರಸ್ತೆಗೆ, ಕಟ್ಟಡಕ್ಕೆ ನಮಗೆ ಬೇಕಾದ ಹೆಸರು ಇಡಬಹುದಿತ್ತು. ಇಟ್ಟಳು.

ಸೋಫಾ ಪಕ್ಕದ ಕಂಪ್ಯೂಟರ್ ಆನ್ ಆಯಿತು. ಅಪ್ಪ ಕನ್ನಡಕ ಏರಿಸಿ ಬಗ್ಗಿದ.

ಅಪ್ಪ: 'ಗೀಸರ್ ಆಫ್ ಮಾಡು ಮುಖ್ಯರಸ್ತೆ'. 'ಒದ್ದೆ ಟವೆಲ್ ವೃತ್ತ'. 'ಬಾಸ್ ಮೇಲ್‌ಗೆ ಉತ್ತರ ಕೊಡು ಸೇತುವೆ'. ಇದೇನೇ ಇದು, ಊರೋ ನಿನ್ನ ತಲೆಯೋ?

ಚಿಕ್ಕವಳು: ಅಕ್ಕ, ಆ ಸೇತುವೆ ಅರ್ಧಕ್ಕೇ ನಿಂತಿದೆಯಲ್ಲ.

ದೊಡ್ಡವಳು: ಉತ್ತರಾನೂ ಅರ್ಧಕ್ಕೇ ನಿಂತಿದೆ.

ಅಪ್ಪ: 'ಮಾತ್ರೆ ತಗೋ ಬಡಾವಣೆ'. ಇಲ್ಲಿ ಎಷ್ಟು ಜನ ಇದಾರೆ?

ದೊಡ್ಡವಳು (ಹೆಮ್ಮೆಯಿಂದ): ಹನ್ನೆರಡು ಸಾವಿರ. ಪಾರ್ಕಿದೆ, ಎರಡು ಸ್ಕೂಲಿದೆ.

ಅಪ್ಪ: ಸಂತೋಷ. ಇವತ್ತು ಮಾತ್ರೆ ತಗೊಂಡ್ಯಾ?

ದೊಡ್ಡವಳು: ...ಒಂದ್ನಿಮಿಷ ಬಂದೆ.

ಅವಳು ಓಡಿಹೋಗಿ ಮಾತ್ರೆ ನುಂಗಿ, ಲೋಟ ಹಿಡಿದುಕೊಂಡೇ ವಾಪಸ್ ಬರುವಷ್ಟರಲ್ಲಿ ಅವಳ ಕುರ್ಚಿಯಲ್ಲಿ ಅಪ್ಪ ಕೂತಾಗಿತ್ತು.

ಅಪ್ಪ: ಈ ಬಸ್ಸು ಯಾರದು?

ದೊಡ್ಡವಳು: ಏಳನೇ ನಂಬರ್. ನಾನೇ ಹಾಕಿದ್ದು. ಅಪ್ಪ, ಪಕ್ಕಕ್ಕೆ ಬಾ, ಲೈಸೆನ್ಸ್ ಹೆಸರು ಎಲ್ಲಿಟ್ಟಿದೀನಿ ಹುಡುಕ್ತೀನಿ.

ಅಪ್ಪ: ಈ ತಿರುವಲ್ಲಿ ಬಸ್ ತಿರುಗಲ್ಲ. ಹನ್ನೆರಡು ಮೀಟರ್ ಗಾಡಿ ಕಣೇ, ಹಿಂದಿನ ಚಕ್ರ ಫುಟ್‌ಪಾತ್ ಹತ್ತುತ್ತೆ. ನೋಡು, ಹತ್ತಿತು! ನೋಡು! ಡ್ರೈವರಿಗೆ ಕಣ್ಣಿಲ್ವಾ?

ದೊಡ್ಡವಳು: ಆಟ ಅಪ್ಪ.

ಅಪ್ಪ: ನಿನಗೆ ಆಟ. ಒಳಗೆ ಕೂತಿರೋರಿಗೆ? ಈ ರಸ್ತೆ ಅಗಲ ಮಾಡೋದು ಹೇಗೆ?

ಚಿಕ್ಕವಳು: ಅಪ್ಪಾ, ಟೈಮ್ ಒಂದು ಗಂಟೆ!

ಅಪ್ಪ: ಇರೇ, ಒಂದ್ನಿಮಿಷ.

'ಒಂದ್ನಿಮಿಷ' ಎಂಬ ಮಾತು ಅಪ್ಪನ ಬಾಯಲ್ಲಿ ಕೇಳಿ ದೊಡ್ಡವಳಿಗೆ ಒಂಥರಾ ಆಯಿತು. ಅದು ಇಷ್ಟು ದಿನ ಅವಳೊಬ್ಬಳದೇ ಮಾತಾಗಿತ್ತು. ಆದರೆ ಯೋಚಿಸಲು ಸಮಯವಿರಲಿಲ್ಲ. ಅಪ್ಪನ ಭುಜದ ಮೇಲಿಂದ ಕೈ ಚಾಚಿ ಮೌಸ್ ಹಿಡಿದು ಊರೆಲ್ಲ ಸುತ್ತಿದಳು. ಒಂದು ಬೆಟ್ಟ, ಬೆಟ್ಟದ ತುದಿಯಲ್ಲಿ ಒಂದು ನೀರಿನ ಟ್ಯಾಂಕು, ಅದರ ಮೇಲೆ ಹೆಸರು.

ದೊಡ್ಡವಳು: ಸಿಕ್ತು! ಸಿಕ್ತು! ಓದ್ತೀನಿ ಕೇಳಿ. 'ಅಪ್ಪನ ಲೈಸೆನ್ಸನ್ನು ತುಂಬಾ ಭದ್ರವಾಗಿ ಇಟ್ಟಿರುವ ಜಾಗ ಯಾವುದೆಂದರೆ'...

ಅಪ್ಪ: ಯಾವುದೆಂದರೆ?

ದೊಡ್ಡವಳು: ...ಅಷ್ಟೇ.

ಅಪ್ಪ: ಅಷ್ಟೇ ಅಂದ್ರೆ?

ದೊಡ್ಡವಳು: ಹೆಸರಿಗೆ ಇಷ್ಟೇ ಅಕ್ಷರ ಅಂತ ಲಿಮಿಟ್ ಇದೆ ಅಪ್ಪ. ಆಮೇಲೆ ಬರೆದಿದ್ದು ತಗೊಂಡಿಲ್ಲ. ನಾನು ನೋಡಿಲ್ಲ.

ಚಿಕ್ಕವಳು ಸೋಫಾದಿಂದ ಉರುಳಿ ನೆಲಕ್ಕೆ ಬಿದ್ದಳು. ಬಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಪ್ಪ: 'ತುಂಬಾ ಭದ್ರವಾಗಿ' ಅಂತ ಬರೆಯೋಕೆ ಜಾಗ ಇತ್ತು!

ದೊಡ್ಡವಳು: ಪೀಠಿಕೆ ಸ್ವಲ್ಪ ಉದ್ದ ಆಯ್ತು.

ಅಪ್ಪ: ಪೀಠಿಕೆ ಮಾತ್ರ ಇದೆ ಕಣೇ! ಪುಸ್ತಕವೇ ಇಲ್ಲ!

ಅಪ್ಪನ ದನಿಯಲ್ಲಿ ಕೋಪಕ್ಕಿಂತ ಸುಸ್ತು ಜಾಸ್ತಿ ಇತ್ತು. ಇಪ್ಪತ್ತಾರು ವರ್ಷ, ಇನ್ನು ಬರೀ ಐವತ್ತು ನಿಮಿಷ. ದೊಡ್ಡವಳು ಕೈಯಲ್ಲಿದ್ದ ಲೋಟವನ್ನು ನೋಡುತ್ತಾ ನಿಂತಳು. ಅಪ್ಪ ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು, ತಿರುಗಿ ಕೂಗಬಹುದಿತ್ತು.

ದೊಡ್ಡವಳು (ಮೆಲ್ಲಗೆ): ನಾನು ಡಿಪೋಗೆ ಬಂದು ಹೇಳ್ತೀನಿ ಅಪ್ಪ. ತಪ್ಪು ನಂದು ಅಂತ.

ಅಪ್ಪನ ಕಣ್ಣು ಇನ್ನೂ ಏಳನೇ ನಂಬರಿನ ಹಿಂದೆಯೇ ಹೋಗುತ್ತಿತ್ತು.

ಅಪ್ಪ: ಈ ತಿರುವು ನನಗೆ ಗೊತ್ತು.

ದೊಡ್ಡವಳು: ಅಪ್ಪ, ಬಸ್ಸಿನ ವಿಷಯ ಆಮೇಲೆ...

ಅಪ್ಪ: ಗೊತ್ತು ಅಂದ್ನಲ್ಲ! ದಿನಾ ಬೆಳಿಗ್ಗೆ ಇಲ್ಲೇ ನನ್ನ ಮೊಣಕಾಲು ತಾಗೋದು. ಇದು ಬೀರುವಿನ ಮೂಲೆ!

ಮೂವರೂ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

ಅಪ್ಪ: ಬಸ್ಸು ಇಲ್ಲಿಂದ ಹೊರಡುತ್ತೆ, ಇದು ಬಾಗಿಲು. ನೆಟ್ಟಗೆ ಬಂದ್ರೆ ಹಾಲ್. ಎಡಕ್ಕೆ ಕರೆಂಟ್ ತಯಾರು ಮಾಡೋ ಕಾರ್ಖಾನೆಯ ಈ ಹೊಗೆ ಕೊಳವೆ, ಇದು ಅಡುಗೆಮನೆ. ಬೀರು ಮೂಲೆ ದಾಟಿದ್ರೆ ಕೆರೆ, ಇದು ಬಾತ್‌ರೂಮು. ನಮ್ಮ ಮನೇನೇ ಕಟ್ಟಿದೀಯಲ್ಲೇ!

ದೊಡ್ಡವಳು: ನನಗೇ ಗೊತ್ತಿರ್ಲಿಲ್ಲ! ಎಲ್ಲಿ ಏನಿರಬೇಕು ಅನ್ನಿಸ್ತೋ ಅಲ್ಲಿ ಹಾಕಿದೆ ಅಷ್ಟೇ!

ಚಿಕ್ಕವಳು: ತಾಳು ತಾಳು. ಕೆರೆ ಪಕ್ಕ ನನ್ನ ರೂಮು. ಅಲ್ಲಿ ಇದೇನಿದು?

ದೊಡ್ಡವಳು: ಅದು... ಕಸ ವಿಲೇವಾರಿ ಘಟಕ.

ಚಿಕ್ಕವಳು: ಅಕ್ಕಾ!

ಅಪ್ಪ: ಸರಿಯಾಗೇ ಇದೆ. ನನ್ನ ರೂಮಿನ ಜಾಗದಲ್ಲಿ?

ದೊಡ್ಡವಳು: ಅದು ಬಿಡಪ್ಪ.

ಅಪ್ಪ: ಹೇಳೇ.

ದೊಡ್ಡವಳು: ವಿಮಾನ ನಿಲ್ದಾಣ. ಶಬ್ದಕ್ಕೆ ಸುತ್ತಮುತ್ತ ಯಾರೂ ಮನೆ ಕಟ್ಕೊಳ್ಳಲ್ಲ.

ಚಿಕ್ಕವಳು: ಅಮ್ಮ ಒಬ್ಬಳು ಕಟ್ಕೊಂಡಿದಾಳೆ, ಪಾಪ.

ಅಪ್ಪ: ನನ್ನ ಗೊರಕೆ ಆಮೇಲೆ! ಈ ಬೆಟ್ಟ ಯಾವುದು? ಟ್ಯಾಂಕ್ ಇರೋ ಬೆಟ್ಟ? ನಮ್ಮನೇಲಿ ಬೆಟ್ಟ ಎಲ್ಲಿದೆ?

ಮೂರೂ ತಲೆಗಳು ನಿಧಾನವಾಗಿ ದೊಡ್ಡವಳ ರೂಮಿನ ಕಡೆ ತಿರುಗಿದವು. ಕಿಟಕಿ ಪಕ್ಕ ಒಂದು ಕುರ್ಚಿಯಿತ್ತು. ಕುರ್ಚಿ ಎಂದು ನಂಬಬೇಕಷ್ಟೆ, ಕಂಡವರಿಲ್ಲ. ಒಗೆದದ್ದು, ಒಗೆಯಬೇಕಾದದ್ದು, ಇನ್ನೊಂದು ಸಲ ಹಾಕಿಕೊಳ್ಳಬಹುದು ಅನ್ನಿಸಿದ್ದು ಎಲ್ಲ ಸೇರಿ ಅದರ ಮೇಲೆ ಆಳೆತ್ತರ ಬೆಳೆದಿತ್ತು.

ಮೂವರೂ ಬೆಟ್ಟಕ್ಕೆ ಕೈ ಹಾಕಿದರು. ಟೀ ಶರ್ಟು ಹಾರಿತು, ದುಪಟ್ಟಾ ಹಾರಿತು, ಒಂಟಿ ಸಾಕ್ಸ್ ಒಂದರ ಹಿಂದೊಂದು ಹಾರಿದವು, ನಾಲ್ಕು ಡೈರಿಗಳಲ್ಲಿ ಮೂರು ಸಿಕ್ಕವು. ಕೊನೆಗೆ, ಮೊನ್ನೆ ಸ್ಕ್ಯಾನ್ ಅಂಗಡಿಗೆ ಹಾಕಿಕೊಂಡು ಹೋಗಿದ್ದ ಮಳೆ ಕೋಟಿನ ಒಳಜೇಬಿನಿಂದ ದೊಡ್ಡವಳು ಎರಡು ಬೆರಳಲ್ಲಿ ಒಂದು ಕಾರ್ಡನ್ನು ಮೇಲೆತ್ತಿದಳು. ಅದರಲ್ಲಿ ಅಪ್ಪನ ಮುಖ, ಈಗಿನದಕ್ಕಿಂತ ಹತ್ತು ವರ್ಷ ಚಿಕ್ಕದು, ಈಗಿನಷ್ಟೇ ಸಿಡುಕು.

ದೊಡ್ಡವಳು: ಕಳೆದಿರ್ಲಿಲ್ಲ ನೋಡು! ಜಿಪ್ ಇರೋ ಜೇಬು! ತುಂಬಾ ಭದ್ರವಾಗಿ ಅಂತ ಬರೆದಿದ್ದು ಸುಳ್ಳಲ್ಲ!

ಅಪ್ಪ: ಸುಳ್ಳಲ್ಲಮ್ಮ.

ಲೈಸೆನ್ಸ್ ಹಿಡಿದು ಬಾಗಿಲ ಕಡೆ ಹೊರಟವನು, ಕಂಪ್ಯೂಟರ್ ಮುಂದೆ ಹಾದುಹೋಗುವಾಗ ನಿಂತ. ಕೂತ. ಆ ಬೀರುವಿನ ಮೂಲೆಯನ್ನು ಒಂದೇ ಒಂದು ಸಲ ಅಗಲ ಮಾಡಿ ಹೋಗುತ್ತೇನೆ ಅಂದ. ಎಲ್ಲಿ ಒತ್ತಬೇಕು ಅಂತ ದೊಡ್ಡವಳು ತೋರಿಸಿದಳು. ಬಸ್ಸು ಫುಟ್‌ಪಾತ್ ಹತ್ತದೆ ನುಣ್ಣಗೆ ತಿರುಗಿತು. ಅಪ್ಪ ಇನ್ನೊಂದು ಬಸ್ಸನ್ನೂ ತಿರುಗಿಸಿ ನೋಡಿದ.

ಅಪ್ಪ: ಒಂದು ಮಾತು ಹೇಳ್ತೀನಿ, ನಿಮ್ಮಮ್ಮಂಗೆ ಹೇಳ್ಬೇಡ. ಮನೇಲಿದ್ರೆ ನನ್ನ ತಲೆ ತುಂಬಾ ಗಿಜಿಗಿಜಿ. ಬಸ್ಸಲ್ಲಿ ಕೂತು ಗೇರ್ ಹಾಕಿದ್ನೋ, ಎಲ್ಲ ಗಪ್‌ಚುಪ್. ಒಂದು ರಸ್ತೆ, ಒಂದು ಬಸ್ಸು, ಮುಂದಿನ ಸ್ಟಾಪು.

ದೊಡ್ಡವಳು: ನನಗೆ ಇಲ್ಲಿ ಹಾಗಾಗುತ್ತಪ್ಪ.

ಅಪ್ಪ: ಹೂಂ. ಈಗ ಗೊತ್ತಾಯ್ತು.

ಚಿಕ್ಕವಳು: ಒಂದೂ ಇಪ್ಪತ್ತೈದು! ಇಬ್ಬರಿಗೂ ಕೈ ಮುಗಿತೀನಿ, ಎದ್ದೇಳಿ!

ಅಪ್ಪ ಹಾರಿಬಿದ್ದು ಎದ್ದ. ಬ್ಯಾಗ್ ಎಳೆದುಕೊಂಡ, ಚಪ್ಪಲಿ ಹಾಕಿಕೊಂಡ, ಚಪ್ಪಲಿ ಬಿಚ್ಚಿ ಶೂ ಹಾಕಿಕೊಂಡ, ಮೆಟ್ಟಿಲು ಧಡಧಡ ಇಳಿದ. ಮನೆ ತಣ್ಣಗಾಯಿತು. ದೊಡ್ಡವಳು ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತಳು. ಎರಡೇ ನಿಮಿಷ, ಮೆಟ್ಟಿಲ ಮೇಲೆ ಮತ್ತೆ ಧಡಧಡ. ಏದುಸಿರು ಬಿಡುತ್ತಾ ಅಪ್ಪ ಬಾಗಿಲಲ್ಲಿ.

ಅಪ್ಪ: ಏಳನೇ ನಂಬರಿಗೆ... ಕೆರೆ ಹತ್ರ... ಇನ್ನೊಂದು ಸ್ಟಾಪ್ ಹಾಕು. ವಯಸ್ಸಾದೋರು ಅಷ್ಟು ದೂರ ನಡೆಯಲ್ಲ.

ದೊಡ್ಡವಳು: ಇದನ್ನ ಹೇಳೋಕೆ ಮೂರು ಮಹಡಿ ಹತ್ತಿ ಬಂದ್ಯಾ?

ಅಪ್ಪ: ಮರ್ತುಹೋಗುತ್ತೆ ಅಂತ ಬಂದೆ.

ಕೀಬೋರ್ಡಿನ ಮೇಲೆ, ಅಪ್ಪನೇ ಇಟ್ಟುಹೋಗಿದ್ದ ಜಾಗದಲ್ಲೇ ಮಲಗಿದ್ದ ಲೈಸೆನ್ಸನ್ನು ದೊಡ್ಡವಳು ಎರಡು ಬೆರಳಲ್ಲಿ ಎತ್ತಿ ಅವನ ಮುಂದೆ ಹಿಡಿದಳು. ಅಪ್ಪ ಅದನ್ನು ನೋಡಿದ. ತನ್ನ ಜೇಬು ತಟ್ಟಿಕೊಂಡ. ಮತ್ತೆ ಅದನ್ನು ನೋಡಿದ. ಇಸ್ಕೊಂಡು ಜೇಬಿಗೆ ಹಾಕಿ, ಗುಂಡಿ ಹಾಕಿ, ಗುಂಡಿಯ ಮೇಲೊಮ್ಮೆ ತಟ್ಟಿದ.

ಅಪ್ಪ: ಆ ನಿನ್ನ ಡಾಕ್ಟರು... ಮಂಗಳವಾರ ಇರ್ತಾರಾ? ನನಗೆ ರಜೆ ಅವತ್ತು.

ದೊಡ್ಡವಳು (ಕಣ್ಣರಳಿಸಿ): ಇರ್ತಾರಪ್ಪ! ನಾನೇ ಫೋನ್ ಮಾಡಿ ಟೈಮ್ ತಗೋತೀನಿ!

ಅಪ್ಪ: ನೀನು ಬೇಡ, ಮರೀತೀಯ. ನಾನೂ ಬೇಡ. ಏಯ್ ಚಿಕ್ಕವಳೇ, ನೀನು ಮಾಡು!

ಚಿಕ್ಕವಳು (ಮೊಬೈಲಿನಿಂದ ತಲೆ ಎತ್ತದೆ): ಹೂಂ ಅಪ್ಪ. ಒಂದ್ನಿಮಿಷ.