ಬೇಕಾದಾಗ ಬಾರದ ಗುಳ್ಳೆಗಳಿಗೆ

ನನ್ನ ಮೂಗಿನ ಬಲಹೊಳ್ಳೆಯ ಕೆಳದಂಡೆಯಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ಬಿಡಾರ ಹೂಡುವ ಗುಳ್ಳೆ ಪರಿವಾರದ ಸಕಲ ಸದಸ್ಯರಿಗೆ, ಹಾಗೂ ಅವರನ್ನು ಮುಂದೆ ಕಳಿಸಿ ತಾವು ಮಾತ್ರ ನರದ ಬುಡದಲ್ಲಿ ಹಾಯಾಗಿ ಮಲಗಿರುವ ಶ್ರೀಮಾನ್ ವೈರಸ್ ಮಹಾಶಯರಿಗೆ, ಕನ್ನಡಕದ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಪರರ ಮೂಗಿಗೆ ಫ್ರೇಮು ಕೂರಿಸುತ್ತಿರುವ ಬಡಪಾಯಿಯೊಬ್ಬನ ಅನಂತ ನಮಸ್ಕಾರಗಳು.

ಮಾನ್ಯರೇ,

ನಾವೆಲ್ಲ ಕ್ಷೇಮ. ತಮ್ಮ ಕ್ಷೇಮಸಮಾಚಾರ ತಿಳಿಸಿ ಎಂದು ಕೇಳುವ ಪ್ರಮೇಯವೇ ನನಗೆ ಬರುವುದಿಲ್ಲ, ಏಕೆಂದರೆ ನನಗೆ ನೆಗಡಿಯಾದಾಗ, ಜ್ವರ ಬಂದಾಗ, ಬಿಸಿಲಲ್ಲಿ ಅಲೆದಾಗ, ನಿದ್ದೆಗೆಟ್ಟಾಗ, ಒಟ್ಟಿನಲ್ಲಿ ನನ್ನ ಕ್ಷೇಮ ಕೆಟ್ಟಾಗಲೆಲ್ಲ ತಾವು ಸಕುಟುಂಬ ಸಮೇತ ಕ್ಷೇಮವಾಗಿರುವುದು ಕನ್ನಡಿಯಲ್ಲಿ ಎದ್ದು ಕಾಣುತ್ತದೆ. ತಾವು ನನ್ನೊಳಗೇ ವಾಸವಾಗಿರುವುದರಿಂದ ಈ ಮಾತುಗಳನ್ನು ಖಾಸಗಿಯಾಗಿ ಗೊಣಗಿಕೊಂಡಿದ್ದರೂ ಆಗುತ್ತಿತ್ತು. ಆದರೆ ತಾವು ನನ್ನ ವಿಷಯವನ್ನು ಎಂದೂ ಖಾಸಗಿಯಾಗಿ ಇಟ್ಟವರಲ್ಲ, ಹೇಳುವುದೇನಿದ್ದರೂ ಮುಖದ ನಟ್ಟನಡುವೆಯೇ ಪ್ರಕಟಿಸಿದವರು. ಆ ಸಂಪ್ರದಾಯವನ್ನು ಗೌರವಿಸಿ ನಾನೂ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಾವು ಬರುವುದರ ಬಗ್ಗೆ ದೂರುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಯಿತು. ನನ್ನ ದೂರು ತಾವು ಒಂದೇ ಒಂದು ಸಲ, ಮೊನ್ನೆ ಸೋಮವಾರ, ಬರಲೇಬೇಕಾಗಿದ್ದವರು ಬಾರದೆ ಹೋದದ್ದರ ಬಗ್ಗೆ.

ಮೊದಲು ತಮ್ಮ ಇದುವರೆಗಿನ ಸೇವೆಯನ್ನು ಸ್ಮರಿಸದಿದ್ದರೆ ನಾನು ಕೃತಘ್ನನಾದೇನು. ನನ್ನದು ಎದುರಿಗೆ ಕೂತವರ ಮುಖದಿಂದ ಒಂದು ಗೇಣು ದೂರದಲ್ಲಿ ಮುಖ ಇಟ್ಟು ಮಾಡುವ ಕೆಲಸ. ಫ್ರೇಮು ಓರೆಯಾಗಿದೆಯೇ, ಕಡ್ಡಿ ಕಿವಿಯ ಹಿಂದೆ ಒತ್ತುತ್ತಿದೆಯೇ, ಪ್ಯಾಡುಗಳು ಮೂಗಿನ ಎರಡೂ ಬದಿಗೆ ಸಮನಾಗಿ ಕೂತಿವೆಯೇ ಎಂದು ನಾನು ಅವರ ಮೂಗನ್ನು ನೋಡುತ್ತಿರುವಾಗ ಅವರಿಗೆ ನೋಡಲು ನನ್ನ ಮೂಗಲ್ಲದೆ ಬೇರೇನೂ ಇರುವುದಿಲ್ಲ. ಅಂಥ ಆಯಕಟ್ಟಿನ ಜಾಗವನ್ನು ಹುಡುಕಿ ಹಿಡಿದ ತಮ್ಮ ಜಾಣತನಕ್ಕೆ ನಾನು ಮೂಗಿನ ಮೇಲೆ ಬೆರಳಿಡಬೇಕು. ಇಡುವಂತಿಲ್ಲ, ಮುಟ್ಟಿದರೆ ಉರಿಯುತ್ತದೆ. ಹಳೆಯ ಗಿರಾಕಿಗಳು ಸಹ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡು, ಫ್ರೇಮು ಹೀಗೇ ಚೆನ್ನಾಗಿದೆ, ಸರಿ ಮಾಡುವುದೇನೂ ಬೇಡ ಎಂದು ಓರೆ ಕನ್ನಡಕದಲ್ಲೇ ಎದ್ದು ಹೋಗಿದ್ದಾರೆ. ತಾವು ಬಂದು ಹಕ್ಕಳೆ ಕಟ್ಟಿ ಉದುರುವ ತನಕ ಹತ್ತು ದಿನ ಅಂಗಡಿಯ ಯಜಮಾನರು ನನ್ನನ್ನು ಒಳಕೋಣೆಗೆ ಕಳಿಸಿ, ಮುರಿದ ಕಡ್ಡಿಗಳಿಗೆ ಸ್ಕ್ರೂ ಹಾಕುವ ಕೆಲಸ ಕೊಡುತ್ತಾರೆ. ತಮ್ಮ ದೆಸೆಯಿಂದ ಈ ಅಂಗಡಿಯಲ್ಲಿ ಸಡಿಲ ಸ್ಕ್ರೂ ಎಂಬುದೇ ಉಳಿದಿಲ್ಲ.

ಹದಿನೆಂಟು ವರ್ಷ ನಾನು ತಮ್ಮನ್ನು ಗುರುತಿಸದೆ ಹೋದದ್ದಕ್ಕೆ ಕ್ಷಮೆಯನ್ನೂ ಕೋರಬೇಕಾಗಿದೆ. ತಾವು ಕನ್ನಡಕದ ಪ್ಯಾಡು ಒತ್ತಿ ಆದ ಗಾಯವೆಂದೇ ನಾನು ನಂಬಿದ್ದೆ. ಮೂಗಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಇರಲು ಸಾಧ್ಯವಿಲ್ಲವೆಂಬ ವಿಶ್ವಾಸದಲ್ಲಿ ಗಟ್ಟಿ ಪ್ಯಾಡು ತೆಗೆದು ಮೆತ್ತನೆಯದು ಹಾಕಿದೆ, ಮೆತ್ತನೆಯದು ತೆಗೆದು ತೆಳ್ಳನೆಯದು ಹಾಕಿದೆ, ಏಳು ಫ್ರೇಮು ಬದಲಿಸಿದೆ. ಪ್ಯಾಡು ಕೂರುವುದು ಮೂಗಿನ ಮೇಲುಗಡೆ, ಗುಳ್ಳೆ ಏಳುವುದು ಹೊಳ್ಳೆಯ ಬುಡದಲ್ಲಿ, ಇವೆರಡಕ್ಕೂ ಏನು ಸಂಬಂಧ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಾಗ, ಭಾರ ಯಾವಾಗಲೂ ಕೆಳಕ್ಕೆ ಇಳಿಯುತ್ತದೆ, ಅದು ನಿನಗೆ ತಿಳಿಯುವುದಿಲ್ಲ ಎಂದು ಗದರಿದ್ದೆ. ಅವಳ ಪ್ರಕಾರ ತಾವು ಉಷ್ಣ. ಪಕ್ಕದ ಮನೆಯವರ ಪ್ರಕಾರ ನಾನು ಮಲಗಿದ್ದಾಗ ಜೇಡವೊಂದು ಮೂಗಿನ ಮೇಲೆ ಮೂತ್ರ ಮಾಡಿಹೋದ ಫಲ. ಹಲ್ಲುಜ್ಜುವ ಪೇಸ್ಟು ಹಚ್ಚಿದೆ, ಸುಣ್ಣ ಹಚ್ಚಿದೆ, ಒಮ್ಮೆ ಸ್ಕ್ರೂ ತಿರುಗಿಸುವ ಸೂಜಿಮೊನೆಯಿಂದ ತಮ್ಮ ಹೊಟ್ಟೆಯನ್ನೇ ಬಗೆದೆ. ಮೂರು ಇದ್ದವರು ಏಳಾಗಿ ಬಂದಿರಿ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರನ್ನು ನೋಡಿ ನಗುತ್ತಿದ್ದವನು ನಾನು. ಆವತ್ತು ಕನ್ನಡಿ ನೋಡಿಕೊಂಡಾಗ ನಗು ಬರಲಿಲ್ಲ.

ಎರಡು ವರ್ಷದ ಕೆಳಗೆ ಹೊಸ ಕನ್ನಡಕ ಹಾಕಿಸಿಕೊಳ್ಳಲು ಬಂದ ಡಾಕ್ಟರಮ್ಮನೊಬ್ಬರು, ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳುವುದನ್ನು ಬಿಟ್ಟು ನನ್ನ ಮೂಗನ್ನೇ ದಿಟ್ಟಿಸಿ, ಇದು ಯಾವಾಗಲೂ ಇದೇ ಜಾಗದಲ್ಲೇ ಏಳುತ್ತದೆಯೇ, ಏಳುವ ಮುಂಚೆ ಚುರುಚುರು ಎನ್ನುತ್ತದೆಯೇ ಎಂದು ಕೇಳಿದರು. ನನ್ನೊಬ್ಬನಿಗೇ ಗೊತ್ತಿದ್ದ ಗುಟ್ಟು ಇವರಿಗೆ ಯಾರು ಹೇಳಿದರೆಂದು ನಾನು ಕಕ್ಕಾಬಿಕ್ಕಿಯಾದೆ. ತಾವು ಮೊಡವೆಯಲ್ಲ, ಗಾಯವಲ್ಲ, ಒಮ್ಮೆ ಮೈಹೊಕ್ಕರೆ ಆಯುಷ್ಯಪರ್ಯಂತ ನರದಲ್ಲಿ ಅಡಗಿದ್ದು ಸಮಯ ನೋಡಿ ಅದೇ ದಾರಿಯಲ್ಲಿ ಹೊರಬರುವ ವೈರಸ್ ಎಂದು ಅವರೇ ತಮ್ಮ ಪೂರ್ತಿ ಪರಿಚಯ ಮಾಡಿಕೊಟ್ಟದ್ದು. ಚುರುಚುರು ಶುರುವಾದ ಕೂಡಲೇ ನುಂಗಬೇಕೆಂದು ಮಾತ್ರೆ ಬರೆದುಕೊಟ್ಟರು, ಗುಳ್ಳೆ ಎದ್ದ ಮೇಲೆ ನುಂಗಿದರೆ ಅಷ್ಟು ಕೆಲಸ ಮಾಡದೆಂದರು. ಗುಳ್ಳೆ ಮುಟ್ಟಿದ ಕೈಯಿಂದ ಕಣ್ಣು ಮುಟ್ಟಬಾರದು, ಮುಟ್ಟಿದ ತಕ್ಷಣ ಕೈ ತೊಳೆಯಬೇಕು, ಟವೆಲು ಬೇರೆ ಇಟ್ಟುಕೊಳ್ಳಬೇಕು, ಚುರುಗುಟ್ಟಿದ ಗಳಿಗೆಯಿಂದ ಹಕ್ಕಳೆ ಉದುರಿ ಚರ್ಮ ಕೂಡುವ ತನಕ ಇದು ಅಂಟುತ್ತದೆ, ಅದರಲ್ಲೂ ಎಳೆಗೂಸುಗಳ ಹತ್ತಿರ ಸುಳಿಯಲೇಬಾರದು, ದೊಡ್ಡವರಿಗೆ ಮುಖದ ಮೇಲಿನ ಗುಳ್ಳೆಯಾಗಿರುವುದು ಅವಕ್ಕೆ ಜೀವಕ್ಕೇ ಎರವಾಗಬಹುದು ಎಂದರು. ಹೆಂಡತಿಯ ಪ್ರಶ್ನೆಗೆ ಗದರಿದ್ದ ನಾನು ಡಾಕ್ಟರಮ್ಮನ ಮಾತಿಗೆ ತಲೆಯಾಡಿಸಿದೆ. ಶಂಖದಿಂದ ಬಂದರೇ ತೀರ್ಥ ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಅಂದಿನಿಂದ ಮಾತ್ರೆ ಅಂಗಿಯ ಜೇಬಿನಲ್ಲೇ ಇರುತ್ತದೆ. ಆದರೂ ತಾವು ಒಮ್ಮೆಯೂ ತಪ್ಪಿಸಿಕೊಂಡವರಲ್ಲ. ಹತ್ತು ದಿನಕ್ಕೆ ಹೋಗುವವರು ಆರು ದಿನಕ್ಕೆ ಹೋದಿರಿ, ಅಷ್ಟೇ.

ಈಗ ಮೊನ್ನೆಯ ಸಂಗತಿಗೆ ಬರುತ್ತೇನೆ. ಎರಡು ಬೀದಿ ಆಚೆಗಿರುವ ನನ್ನ ಮಗಳಿಗೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹೆಣ್ಣುಮಗು ಹುಟ್ಟಿತು. ತಿಂಗಳು ಮೊದಲೇ ಹುಟ್ಟಿದ್ದರಿಂದ ಹದಿನಾರು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು, ಕೆನ್ನೆಯ ಮೇಲೆ ನಳಿಗೆ ಅಂಟಿಸಿದ ಪಟ್ಟಿಯ ಕೆಂಪು ಗುರುತು ಇನ್ನೂ ಇದೆ. ಮೂಗಂತೂ ಕಡಲೆಕಾಳಿನಷ್ಟು, ನಮ್ಮ ಅಂಗಡಿಯ ಯಾವ ಫ್ರೇಮೂ ಅದರ ಮೇಲೆ ನಿಲ್ಲದು. ಭಾನುವಾರ ಮಧ್ಯಾಹ್ನ ಮಗುವನ್ನು ಮನೆಗೆ ತಂದರು. ಗಾಜಿನಾಚೆ ನಿಂತು ಹದಿನಾರು ದಿನ ಕೈಬೀಸಿದವನು ನಾನು, ಮೊದಲು ನನ್ನ ತೋಳಿಗೇ ಕೊಡುವುದೆಂದು ಮಗಳು ತೀರ್ಮಾನಿಸಿದ್ದಳು. ಅಂದು ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುತ್ತಿದ್ದಾಗ ಬಲಹೊಳ್ಳೆಯ ಕೆಳಗೆ ಚುರುಚುರು ಎಂದಿತು.

ನಿಜ ಹೇಳುತ್ತೇನೆ, ಮುಚ್ಚಿಡುವ ಯೋಚನೆ ಬಂತು. ಮುಖದ ಮೇಲೆ ಏನೂ ಇರಲಿಲ್ಲ, ವಿಷಯ ಗೊತ್ತಿದ್ದದ್ದು ನನಗೂ ತಮಗೂ ಮಾತ್ರ, ತಾವಂತೂ ಬಾಯಿ ಬಿಡುವವರಲ್ಲ. ಮಾತ್ರೆ ನುಂಗಿ, ಮಾಸ್ಕು ಕಟ್ಟಿಕೊಂಡು ಹೊರಟೆ. ಒಂದೇ ಗಳಿಗೆ ಎತ್ತಿಕೊಂಡರೆ ಏನಾಗಿಬಿಟ್ಟೀತು ಎಂದು ದಾರಿಯುದ್ದಕ್ಕೂ ನನಗೆ ನಾನೇ ವಕಾಲತ್ತು ಮಾಡುತ್ತ ನಡೆದೆ. ಮಗಳು ನಗುತ್ತ ಮಗುವನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದು, ಬೇಡ, ಗುಳ್ಳೆ ಏಳುವ ಹಾಗಿದೆ ಎಂದೆ. ಎಲ್ಲರೂ ನನ್ನ ಮಾಸ್ಕು ಇಳಿಸಿ ನೋಡಿದರು. ಅಳಿಯ ಟಾರ್ಚು ಹಾಕಿ ನೋಡಿದ. ಏನೂ ಇಲ್ಲವಲ್ಲರೀ ಎಂದು ಹೆಂಡತಿ ಎಲ್ಲರ ಮುಂದೆ ಗದರಿದಳು. ಮಗಳು ಮಾತ್ರ ನನ್ನ ಮೂಗು ನೋಡಲಿಲ್ಲ, ಮಗುವಿನ ಕೆನ್ನೆಯ ಮೇಲಿನ ಕೆಂಪು ಗುರುತನ್ನು ನೋಡಿದಳು. "ಬೇಡ ಅಂದ್ರೆ ಬೇಡ ಬಿಡಿ ಅಪ್ಪ" ಎಂದು ಮಗುವನ್ನು ಎದೆಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ನಾನು ಮಗುವನ್ನು ನೋಡಿ ಹೇಸಿದೆನೆಂದು ಅವಳು ತಿಳಿದಳು.

ನಾಳೆ ಗುಳ್ಳೆ ಏಳುತ್ತದೆ, ಆಗ ಇವರಿಗೆಲ್ಲ ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದೆ. ಸೋಮವಾರ ಬೆಳಿಗ್ಗೆ ಕನ್ನಡಿ ಮುಂದೆ ಕೂತೆ. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ತಮ್ಮ ದಾರಿ ಕಾಯುತ್ತಿದ್ದೆ, ಮಾನ್ಯರೇ. ಫೋಟೋ ತೆಗೆದು ಮಗಳಿಗೆ ಕಳಿಸೋಣವೆಂದು ಫೋನು ಕೈಯಲ್ಲೇ ಹಿಡಿದಿದ್ದೆ. ಸಂಜೆಯಾಯಿತು, ಮಂಗಳವಾರವಾಯಿತು, ತಮ್ಮ ಸುಳಿವಿಲ್ಲ. ಮೂಗು ನುಣ್ಣಗೆ, ಮದುವಣಿಗನ ಮೂಗಿನಂತಿತ್ತು. ಡಾಕ್ಟರಮ್ಮನಿಗೆ ಫೋನು ಮಾಡಿದರೆ, ಮಾತ್ರೆ ಸರಿಯಾದ ಹೊತ್ತಿಗೆ ಬಿದ್ದಾಗ ಕೆಲವೊಮ್ಮೆ ಹೀಗೆ ಮೊಳಕೆಯಲ್ಲೇ ಚಿವುಟಿದಂತಾಗುತ್ತದೆ, ಒಳ್ಳೆಯದೇ ಆಯಿತು, ಆದರೂ ಭಾನುವಾರದ ತನಕ ಮಗುವಿನಿಂದ ದೂರವಿರಿ ಎಂದು ಸಂತೋಷದಿಂದ ಹೇಳಿದರು. ಎರಡು ವರ್ಷದಿಂದ ಗೆಲ್ಲದ ಮಾತ್ರೆ ಗೆಲ್ಲಬೇಕಾದದ್ದು ಅವತ್ತೇ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ಬರುವ ಮನಸ್ಸಿಲ್ಲದಿದ್ದರೆ ಚುರುಗುಟ್ಟಿಸುವ ಮುನ್ನ ಎರಡು ದಿನ ಮೊದಲೇ ಲಿಖಿತವಾಗಿ ತಿಳಿಸತಕ್ಕದ್ದು. ಸಾಧ್ಯವಾಗದಿದ್ದರೆ, ಬರುವ ಉದ್ದೇಶವಿತ್ತು, ಅನಿವಾರ್ಯ ಕಾರಣದಿಂದ ಬರಲಾಗಲಿಲ್ಲ ಎಂದು ಮೊಹರು ಒತ್ತಿದ ಪ್ರಮಾಣಪತ್ರವೊಂದನ್ನು ಮಗಳ ವಿಳಾಸಕ್ಕೆ ಕಳಿಸಿಕೊಡತಕ್ಕದ್ದು. ಅದೂ ಆಗದಿದ್ದರೆ ಟಾರ್ಚು ಹಾಕಿ ನೋಡಿದ ನನ್ನ ಅಳಿಯನ ಮೂಗಿನ ಮೇಲೆ ಅರ್ಧ ಗಂಟೆಯ ಮಟ್ಟಿಗೆ ಪ್ರತ್ಯಕ್ಷರಾಗಿ ಹೋಗತಕ್ಕದ್ದು.

ಗುರುವಾರ ನಡೆದದ್ದನ್ನೂ ಬರೆದುಬಿಡುತ್ತೇನೆ. ಮಾಸ್ಕು ಕಟ್ಟಿಕೊಂಡು ಮಗಳ ಮನೆಯ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದೆ. ಮಗಳು ನನ್ನೊಡನೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು. ಆಗ ಪರ ಊರಿನಿಂದ ಅಳಿಯನ ಅಕ್ಕ ಬಂದರು. ಶಾಲೆಯಲ್ಲಿ ಪಾಠ ಹೇಳುವವರು, ಒಳ್ಳೆಯ ಮನಸ್ಸಿನವರು. ಕೈ ತೊಳೆದು ಬಂದು, ತೊಟ್ಟಿಲ ಮೇಲೆ ಬಾಗಿದರು. ಅವರ ಎಡಹೊಳ್ಳೆಯ ಪಕ್ಕದಲ್ಲಿ ತಾವು ಸಾಕ್ಷಾತ್ ನಾಲ್ಕು ಮಂದಿ, ನೀರು ತುಂಬಿಕೊಂಡು, ಸಾಲಾಗಿ ಕೂತಿದ್ದಿರಿ. ನಾನು ಮನೆ ನಡುಗುವಂತೆ ಕೂಗಿ ಅವರನ್ನು ತಡೆದೆ. ಅವರು ಬೆಚ್ಚಿ ನೆಟ್ಟಗಾದರು, ಆಮೇಲೆ ನನ್ನ ಗಾಬರಿ ಕಂಡು ಸಮಾಧಾನ ಮಾಡಲು ಬಂದರು. ಇದು ಅಂಟುವಂಥದ್ದಲ್ಲ, ಕನ್ನಡಕದ್ದು ಎಂದರು. "ಮೂರು ವರ್ಷದ ಹಿಂದೆ ನೀವೇ ಅಲ್ವಾ ನೋಡಿ ಹೇಳಿದ್ದು, ಪ್ಯಾಡ್ ಒತ್ತಿ ಆಗಿರೋದು ಅಂತ? ನೀವೇ ಬದಲಾಯಿಸಿಕೊಟ್ರಲ್ಲ."

ಹೌದು, ನಾನೇ. ನನ್ನ ಮೂಗಿಗೆ ಹೇಳಿಕೊಂಡ ಸುಳ್ಳನ್ನು ಅಧಿಕಾರವಾಣಿಯಲ್ಲಿ ಅವರ ಮೂಗಿಗೂ ಹೇಳಿದ್ದೆ. ಅವರು ಅದನ್ನು ನಂಬಿ, ನನ್ನ ಮಗಳಿಗೂ ಹೇಳಿ, ಅವಳೂ ನಂಬಿ ತೊಟ್ಟಿಲ ಪಕ್ಕ ಜಾಗ ಬಿಟ್ಟುಕೊಟ್ಟಿದ್ದಳು. ಮುಖ ನುಣ್ಣಗಿದ್ದ ನಾನು ಹೊಸ್ತಿಲಾಚೆ, ಗುಳ್ಳೆ ತುಂಬಿದ್ದ ಅವರು ಮಗುವಿನ ಕೆನ್ನೆಯ ಹತ್ತಿರ.

"ನಾನು ಹೇಳಿದ್ದು ತಪ್ಪು" ಎಂದೆ. "ಅದು ಪ್ಯಾಡ್ ಒತ್ತಿದ್ದಲ್ಲ. ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವನ ಹಾಗೆ ಹೇಳಿಬಿಟ್ಟೆ."

ಹೆಂಡತಿ, ಅಳಿಯ, ಅಳಿಯನ ಅಕ್ಕ ಎಲ್ಲರೂ ಇದ್ದರು. ಮೂವತ್ತೊಂದು ವರ್ಷದ ನನ್ನ ಹೆಸರು ಒಂದು ಉಸಿರಿನಲ್ಲಿ ಹೋಯಿತು, ಹೋದರೆ ಹೋಗಲಿ. ಪಾಪ, ಅಳಿಯನ ಅಕ್ಕ ಕಣ್ಣಲ್ಲಿ ನೀರು ತುಂಬಿಕೊಂಡು ಗೋಡೆಗೆ ಒರಗಿ ನಿಂತರು, ಮಗುವನ್ನು ಮುಟ್ಟಿಯೇ ಇಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಮುಟ್ಟಿರಲಿಲ್ಲ, ನಾವೆಲ್ಲರೂ ನೋಡಿದ್ದೆವು. ಮಗಳು ತೊಟ್ಟಿಲಿಂದ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇನ್ನೂ ಎಷ್ಟು ದಿನ ಅಪ್ಪ?"

ಭಾನುವಾರದ ತನಕ ಅಂದೆ. ಭಾನುವಾರ ಬೆಳಿಗ್ಗೆ ತಿಂಡಿಗೇ ಬಂದುಬಿಡಿ ಅಂದಳು.

ಆದಕಾರಣ, ಮಾನ್ಯರೇ, ಮೇಲೆ ಮಾಡಿಕೊಂಡ ಎಲ್ಲ ಪ್ರಾರ್ಥನೆಗಳನ್ನೂ ಹಿಂತೆಗೆದುಕೊಂಡಿದ್ದೇನೆ. ತಾವು ನರದ ಬುಡದಲ್ಲಿ ಸುಖವಾಗಿ ನಿದ್ರಿಸಿರಿ. ತಮ್ಮನ್ನು ಓಡಿಸಲು ನನ್ನಿಂದಾಗದು, ಡಾಕ್ಟರಮ್ಮನಿಂದಲೂ ಆಗದಂತೆ. ಬಿಸಿಲಿಗೆ ಟೋಪಿ ಹಾಕಿಕೊಂಡು, ಹೊತ್ತಿಗೆ ಮಲಗಿ, ತಮ್ಮ ನಿದ್ದೆ ಕೆಡದ ಹಾಗೆ ಬದುಕುತ್ತೇನೆ.

ತಾವು ನನ್ನ ಮೇಲೆ ಇಟ್ಟಿರುವ ವಿಶ್ವಾಸಕ್ಕೆ ಎಂದೂ ಆಸೆಪಡದ,
ತಮ್ಮ ವಿಶ್ವಾಸಿ,
ಮೂಗಿನ ಸದ್ಯದ ಯಜಮಾನ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಭಾನುವಾರ ಬೆಳಗಾಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಪ್ಪಲಿ ಮೆಟ್ಟುವ ಹೊತ್ತಿಗೆ ಅದೇ ಜಾಗ ಮತ್ತೆ ಚುರುಚುರು ಎಂದಿತು. ತಮ್ಮ ಸಮಯಪ್ರಜ್ಞೆಗೆ ಸಾಟಿಯಿಲ್ಲ. ಮಾತ್ರೆ ನುಂಗಿ ಮಗಳಿಗೆ ಫೋನು ಮಾಡಿ, ಮತ್ತೆ ಶುರುವಾಗಿದೆ ಎಂದಷ್ಟೇ ಹೇಳಿದೆ. ಏನಾದರೂ ಕಾಣಿಸುತ್ತಿದೆಯೇ ಎಂದು ಅವಳು ಕೇಳಲಿಲ್ಲ. "ಸರಿ ಅಪ್ಪ, ಮುಂದಿನ ಭಾನುವಾರ" ಅಂದಳು. ಆದ್ದರಿಂದ ಈ ಸಲ ತಾವು ಬಂದರೂ ಸರಿ, ಬಾರದಿದ್ದರೂ ಸರಿ, ನನ್ನ ಮೂಗನ್ನು ಪರೀಕ್ಷಿಸುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ.