ಅಕ್ಕನ ವಾಲ್ವು, ತಂಗಿಯ ವಾಲ್ವು

ಮನುಷ್ಯನಿಗೆ ತನ್ನ ಯಾವುದಾದರೊಂದು ಅಂಗದ ಬಗ್ಗೆ ಜಂಬ ಇದ್ದೇ ಇರುತ್ತದೆ. ಕೆಲವರಿಗೆ ಮೂಗಿನದು, ಕೆಲವರಿಗೆ ಮೀಸೆಯದು. ತಲೆ ಪೂರ್ತಿ ಬೋಳಾದ ಮೇಲೂ ಹಿಂದೊಮ್ಮೆ ಇದ್ದ ಕೂದಲಿನ ಬಗ್ಗೆ ಜಂಬ ಪಡುವವರನ್ನು ನಮ್ಮ ಇಂಡಿ ಊರಿನ ಬಸ್ ಸ್ಟ್ಯಾಂಡಿನಲ್ಲೇ ನೋಡಿದ್ದೇನೆ. ನನ್ನ ಜಂಬ ನನ್ನ ಕಿವಿಗಳದು. ನಾನು ದನದ ಡಾಕ್ಟರು. ಸರ್ಕಾರಿ ನೌಕರಿ ಮುಗಿದು ಕೆಲವು ವರ್ಷವಾದರೂ ಜನ ಕರೆಯುವುದನ್ನು ಬಿಟ್ಟಿಲ್ಲ, ನಾನು ಹೋಗುವುದನ್ನು ಬಿಟ್ಟಿಲ್ಲ. ನನ್ನ ರೋಗಿಗಳು ಬಾಯಿಬಿಟ್ಟು ಎಲ್ಲಿ ನೋವು ಎಂದು ಹೇಳುವವರಲ್ಲ. ಎಮ್ಮೆಯ ಎಡಪಕ್ಕೆಗೆ ಸ್ಟೆಥಾಸ್ಕೋಪು ಹಚ್ಚಿ, ಒಳಗಿನ ಗುಡುಗುಡು ಸರಿಯಾಗಿದೆಯೋ ಸೋತಿದೆಯೋ ಎಂದು ಕೇಳಿಯೇ ಇಷ್ಟು ವರ್ಷ ಅನ್ನ ತಿಂದವನು ನಾನು. ಹೀಗೆ ಕಿವಿಯಿಂದ ಬದುಕಿದವನಿಗೆ, ಸಂಗೀತವೂ ತನ್ನಷ್ಟು ಚೆನ್ನಾಗಿ ಯಾರಿಗೂ ಕೇಳಿಸುವುದಿಲ್ಲ ಎಂಬ ಭ್ರಮೆ ಬಂದರೆ ಆಶ್ಚರ್ಯವಿಲ್ಲ.

ಈ ಭ್ರಮೆಗೆ ಇಂಬು ಕೊಟ್ಟದ್ದು ಒಂದು ವಾಲ್ವ್ ಆಂಪ್ಲಿಫೈಯರು. ಪುಣೆಯಲ್ಲಿರುವ ಗೆಳೆಯನೊಬ್ಬ ಮನೆ ಬದಲಿಸುವಾಗ, ಭಾರವಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ನನಗೆ ದಾಟಿಸಿದ. ತಲೆಯ ಮೇಲೆ ಮೂರು ಗಾಜಿನ ವಾಲ್ವುಗಳು. ಮುಂದೊಂದು, ಎಡಗಡೆಯ ಸ್ಪೀಕರಿಗೊಂದು, ಬಲಗಡೆಯದಕ್ಕೊಂದು. ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಅವುಗಳ ಹೊಟ್ಟೆಯೊಳಗೆ ಕೆಂಡದ ಬಣ್ಣ ಮೂಡುತ್ತದೆ, ಆಮೇಲೆ ಹಾಡು ಮೇಲೇಳುತ್ತದೆ. ಬಲ್ಬಿನಂತೆ ಇವನ್ನೂ ಕಿತ್ತು ಬೇರೆ ಹಾಕಬಹುದು, ಅದೇ ನಂಬರಿನದು ಯಾರು ಮಾಡಿದ್ದಾದರೂ ಕೂಡುತ್ತದೆ. ಆದರೆ ಹಳೆಯ ಕಾಲದ ವಾಲ್ವು ಹಾಕಿದರೆ ದನಿಯೇ ಬೇರೆ, ಅದರ ಮಾಧುರ್ಯವೇ ಬೇರೆ ಎಂದು ಗೆಳೆಯ ಹೋಗುವ ಮುಂಚೆ ಕಿವಿಯಲ್ಲಿ ಊದಿ ಹೋದ. ಅಂದಿನಿಂದ ನಮ್ಮ ಮನೆಯ ಶಾಂತಿ ಕೆಟ್ಟಿತು. ಮುಂದಿದ್ದ ವಾಲ್ವು ಕಿತ್ತು ಹಳೆಯದೊಂದು ಹಾಕಿದೆ, ತಂಬೂರಿಯ ತಂತಿಗಳು ಒಂದೊಂದಾಗಿ ಬಿಡಿಸಿಟ್ಟಂತೆ ಕೇಳಿದವು. ನಾನು ಓಡಿಹೋಗಿ ಅಡುಗೆಮನೆಯಿಂದ ಹೆಂಡತಿ ಸುನಂದಾಳನ್ನು ಕರೆತಂದು ಕೂರಿಸಿ, ಉಸಿರು ಸಹ ಬಿಡಬೇಡ ಎಂದು ಹೇಳಿ ಹಾಡು ಹಚ್ಚಿದೆ. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವವಳು. ಇದ್ದದ್ದನ್ನು ಇದ್ದಷ್ಟೇ ಹೇಳುತ್ತಾಳೆ.

"ಮೊದಲೂ ಹಿಂಗs ಇತ್ತಲ್ರಿ," ಎಂದಳು. "ಒಲಿ ಮ್ಯಾಲ ಹಾಲೈತಿ, ಹೋಗ್ಲಿ?"

ಹೀಗಿರುವಾಗ ತಾಂಬಾ ಎಂಬ ಹಳ್ಳಿಯಿಂದ ಕರೆ ಬಂತು. ನೀಲಮ್ಮ ಎಂಬ ಹಿರಿಯ ಹೆಣ್ಣುಮಗಳ ಎಮ್ಮೆಗೆ ಹೊಟ್ಟೆ ಉಬ್ಬರಿಸಿತ್ತು. ಔಷಧಿ ಕುಡಿಸಿ, ಎಮ್ಮೆ ಅಂತೂ ನಿಟ್ಟುಸಿರು ಬಿಟ್ಟ ಮೇಲೆ ಕೈ ತೊಳೆಯಲು ಪಡಸಾಲೆಗೆ ಬಂದೆ. ಅಲ್ಲಿ ಹಲಗೆಯ ಮೇಲೆ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಒಂದು ಹಳೆಯ ರೇಡಿಯೋ ಕೂತಿತ್ತು. ಅಪ್ಪಣೆ ಕೇಳುವುದೂ ನೆನಪಾಗದೆ ಅದರ ಬೆನ್ನು ತಿರುಗಿಸಿ ಒಳಗೆ ಇಣುಕಿದೆ. ಧೂಳು, ಕಣಜ ಕಟ್ಟಿದ ಮಣ್ಣಿನ ಗೂಡು, ಅದರ ಪಕ್ಕದಲ್ಲಿ, ಸ್ಪೀಕರುಗಳ ಜಾಗಕ್ಕೆಂದು ನಾನು ಎಷ್ಟೋ ಕಡೆ ಹುಡುಕಿ ಸಿಗದಿದ್ದ ಅದೇ ನಂಬರಿನ ವಾಲ್ವು.

"ಡಾಕ್ಟರ್ರ, ಎಮ್ಮಿ ಈ ಕಡಿ ಐತ್ರಿ," ಎಂದರು ನೀಲಮ್ಮ.

ನನ್ನ ಆಸೆ ಹೇಳಿಕೊಂಡೆ. ರೇಡಿಯೋ ಎಂದೋ ಬಾಯಿ ಮುಚ್ಚಿತ್ತು, ಹಾಗಾಗಿ ವಾಲ್ವು ಕೊಡಲು ಅವರಿಗೆ ಅಡ್ಡಿ ಇರಲಿಲ್ಲ. ಆದರೆ ನನಗೆ ಎಡಕ್ಕೂ ಬಲಕ್ಕೂ ಒಂದೇ ಥರದ ಜೋಡಿ ಬೇಕಲ್ಲ ಎಂದೆ. ಅಷ್ಟಕ್ಕೇ ಅವರ ಮುಖ ಬಿಗಿಯಿತು. ಮುದ್ದೇಬಿಹಾಳಕ್ಕೆ ಕೊಟ್ಟ ತಂಗಿ ಕಾಶೀಬಾಯಿಯ ಮನೆಯಲ್ಲಿ ಇಂಥದೇ ಇನ್ನೊಂದು ರೇಡಿಯೋ ಇದೆಯಂತೆ. ಅಕ್ಕತಂಗಿಯರ ಮದುವೆ ಒಂದೇ ಹಂದರದಲ್ಲಿ ಆಗಿತ್ತು. ಸಿಂದಗಿಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ತಂದೆ, ಒಂದೇ ಅಂಗಡಿಯಿಂದ ಎರಡು ರೇಡಿಯೋ ತಂದು ಇಬ್ಬರಿಗೂ ಕೊಟ್ಟಿದ್ದರು. ಮುಂದೆ ತಂಗಿಯ ಹೊಸ ಮನೆಯ ಪ್ರವೇಶಕ್ಕೆ ಹೋದ ಅಕ್ಕನಿಗೆ ಅಲ್ಲಿನ ರೇಡಿಯೋ ತನ್ನದಕ್ಕಿಂತ ಚೆನ್ನಾಗಿ ಹಾಡಿದಂತೆ ಕೇಳಿಸಿತು. ಅಪ್ಪ ನಿನಗೆ ಆರಿಸಿ ಕೊಟ್ಟಿದ್ದಾನೆ ಎಂದು ಅಕ್ಕ ಎಂದರು, ಮೊದಲು ಆರಿಸಿಕೊಂಡವಳು ನೀನೇ ಎಂದು ತಂಗಿ ಎಂದರು. ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತಿತು. ರೇಡಿಯೋಗಳೂ ನಿಂತವು. ಎರಡೂ ಮತ್ತೆ ಶುರುವಾಗಲಿಲ್ಲ.

"ನಂದು ಕೊಡ್ತೇನಿ. ಆದ್ರ ಆಕೀದೂ ತರಿಸ್ರಿ. ಐತವಾರ ನಾ ಬರ್ತೇನಿ, ಎರಡೂ ನಿಮ್ಮ ಪೆಟ್ಟಿಗ್ಯಾಗ ಹಾಕಿ, ನನ್ನ ಎದುರಿಗೆ ಹಾಡಸ್ರಿ. ಯಾರದು ಚೊಲೋ ಅನ್ನೂದು ಗೊತ್ತಾಗ್ಲಿ," ಎಂದರು.

ಬುದ್ಧಿ ನೆಟ್ಟಗಿದ್ದವನಾದರೆ ಅಲ್ಲೇ ಕೈಮುಗಿದು ಎದ್ದು ಬರುತ್ತಿದ್ದ. ನಾನು ಮರುದಿನವೇ ಮುದ್ದೇಬಿಹಾಳದ ದಾರಿ ಹಿಡಿದೆ. ಕಾಶೀಬಾಯಿ ನನ್ನ ಕಥೆಯನ್ನೆಲ್ಲ ಕೇಳಿ, ರೇಡಿಯೋದ ಧೂಳನ್ನು ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟರು. ಆಮೇಲೆ, "ಒಯ್ರಿ," ಎಂದರು. "ಆದ್ರ ಐತವಾರ ನಾನೂ ಬರ್ತೇನಿ. ನಾ ಇಲ್ದಾಗ ಅಕ್ಕಂದು ಚೊಲೋ ಅಂತ ನೀವು ಹೇಳಿದ್ರ ನಾ ಒಪ್ಪಾಕಿ ಅಲ್ಲ."

ಆ ವಾಲ್ವನ್ನು ಹತ್ತಿಯಲ್ಲಿ ಸುತ್ತಿ ಅಂಗಿಯ ಎದೆಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ನಮ್ಮ ರಸ್ತೆಗಳು ಗೊತ್ತಲ್ಲ. ಪ್ರತಿ ತಗ್ಗಿಗೂ ಬಸ್ಸು ಹಾರುತ್ತಿತ್ತು, ಪ್ರತಿ ಸಲವೂ ನಾನು ಎರಡೂ ಕೈಯಿಂದ ಎದೆ ಒತ್ತಿಹಿಡಿದು ಕಣ್ಣು ಮುಚ್ಚುತ್ತಿದ್ದೆ. ಬಸವನ ಬಾಗೇವಾಡಿ ಬರುವಷ್ಟರಲ್ಲಿ ಕಂಡಕ್ಟರನಿಗೆ ಗಾಬರಿಯಾಗಿತ್ತು.

"ಯಜಮಾನ್ರ, ಎದಿ ಭಾಳ ನೋಯಾಕತ್ತೈತೇನ್ರಿ? ದವಾಖಾನಿ ಮುಂದ ನಿಲ್ಲಸ್ಲಿ?"

"ಏನಿಲ್ಲಪಾ, ಎದಿ ಒಳಗ ವಾಲ್ವ್ ಐತಿ, ಅದಕ್ಕ," ಎಂದೆ.

ಅವನು ಹೌಹಾರಿದ. ಹಿಂದಿನ ಸೀಟಿನವರು ನನಗೆ ಕಿಟಕಿ ಬಿಟ್ಟುಕೊಟ್ಟರು, ಒಬ್ಬ ಹೆಣ್ಣುಮಗಳು ನೀರಿನ ಬಾಟಲಿ ಮುಂದೆ ಚಾಚಿದಳು. ಡ್ರೈವರ್ ಅಲ್ಲಿಂದ ಮುಂದೆ ಬಸ್ಸನ್ನು ತೊಟ್ಟಿಲು ತೂಗಿದಷ್ಟು ಮೆಲ್ಲಗೆ ನಡೆಸಿದ. ನಿಜ ಬಾಯಿಬಿಟ್ಟರೆ ಬಸ್ಸು ಮತ್ತೆ ಹಾರಿ ವಾಲ್ವು ಒಡೆದೀತೆಂದು, ನಾನು ಆ ಮರ್ಯಾದೆಯನ್ನೆಲ್ಲ ಕಣ್ಣು ಮುಚ್ಚಿಕೊಂಡೇ ಸ್ವೀಕರಿಸಿದೆ.

ಭಾನುವಾರ ಮಧ್ಯಾಹ್ನ ನೀಲಮ್ಮ ಟಂಟಂ ರಿಕ್ಷಾದಲ್ಲಿ ನಮ್ಮ ಮನೆಗೆ ಬಂದಿಳಿದರು, ಕಾಶೀಬಾಯಿ ಬಸ್ಸಿನಿಂದ ಬಂದರು. ಇಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು, ಎದುರುಬದುರು ಗೋಡೆಗಳನ್ನು ನೋಡಿದರು. ಸುನಂದಾ ಚುರುಮುರಿಯ ಸೂಸಲಾ, ಚಹಾ ತಂದಿಟ್ಟಳು. ಅವರು ಒಬ್ಬರಿಗೊಬ್ಬರು ಹೇಳಬೇಕಾದದ್ದೆಲ್ಲ ನನ್ನ ಮೂಲಕವೇ ಹಾದುಹೋಗತೊಡಗಿತು. "ಡಾಕ್ಟರ್ರ, ಚಾ ಆರಾಕತ್ತೈತಿ ಅಂತ ಅವರಿಗೆ ಹೇಳ್ರಿ" ಎಂದು ಒಬ್ಬರು, "ನಂಗ ಆರಿದ್ದs ಬೇಕು ಅಂತ ಹೇಳ್ರಿ" ಎಂದು ಇನ್ನೊಬ್ಬರು. ಒಂದೂವರೆ ಮೊಳದ ಅಂತರದಲ್ಲಿ ನಾನು ಟಪಾಲು ಹಂಚುತ್ತಿದ್ದೆ.

ಅಕ್ಕನ ವಾಲ್ವು ಎಡಕ್ಕೆ, ತಂಗಿಯದು ಬಲಕ್ಕೆ ಕೂರಿಸಿ ಚಾಲೂ ಮಾಡಿದೆ. ಇಷ್ಟು ವರ್ಷ ಮಲಗಿದ್ದವು ಏಳುತ್ತವೋ ಇಲ್ಲವೋ. ಮೊದಲು ಎಡಗಡೆಯದು ಮಸುಕಾಗಿ ಕೆಂಪಾಯಿತು, ಆಮೇಲೆ ಬಲಗಡೆಯದು. ವಚನ ಗಾಯನದ ಒಂದು ರೆಕಾರ್ಡು ಹಚ್ಚಿದೆ. ತಂಬೂರಿಯ ಶ್ರುತಿ ಕೋಣೆಯನ್ನು ತುಂಬಿಕೊಂಡು ಬಂತು. ಹಾರ್ಮೋನಿಯಂ ಉಸಿರೆಳೆದುಕೊಂಡದ್ದು ಕೇಳಿಸಿತು, ಹಾಡುವವರು ಬಾಯಿ ತೆರೆಯುವ ಮುಂಚಿನ ಆ ಸಣ್ಣ ನಿಶ್ಶಬ್ದವೂ ಕೇಳಿಸಿತು. ನನ್ನ ಮೈಮೇಲೆ ಮುಳ್ಳೆದ್ದವು. ಎದ್ದು ಕುಣಿಯಬೇಕೆನಿಸಿತು, ಅತಿಥಿಗಳಿದ್ದಾರೆಂದು ತಡೆದುಕೊಂಡೆ.

ಹಾಡು ಮುಗಿದ ಮೇಲೆ ನೀಲಮ್ಮ ಬಲಕ್ಕೆ ಬೆರಳು ತೋರಿಸಿದರು. "ನಾ ಅಂದಿರ್ಲಿಲ್ರಿ? ಆಕೀದs ಚೊಲೋ ಐತಿ."

ಕಾಶೀಬಾಯಿ ಎಡಕ್ಕೆ ತೋರಿಸಿದರು. "ಅಲ್ರಿ, ಆ ಕಡೀದು ಕೇಳ್ರಿ. ಅಪ್ಪ ಆರಿಸಿ ಕೊಟ್ಟದ್ದು ಅದು."

ನಾನು ವಿಜ್ಞಾನ ಓದಿದವನು. ಹಾಗಾದರೆ ಎಡಬಲ ಅದಲುಬದಲು ಮಾಡಿ ಕೇಳೋಣ, ಸ್ಪೀಕರಿನ ತಪ್ಪೋ ವಾಲ್ವಿನ ತಪ್ಪೋ ತಿಳಿಯುತ್ತದೆ ಎಂದೆ. ಆದರೆ ಈ ವಾಲ್ವುಗಳನ್ನು ಬಿಸಿಯಿದ್ದಾಗ ಮುಟ್ಟುವ ಹಾಗಿಲ್ಲ. ಬಂದ್ ಮಾಡಿ, ತಣ್ಣಗಾಗುವವರೆಗೆ ಕಾಯಲೇಬೇಕು. ಕಾಯುತ್ತ ಕೂತೆವು. ಯಾರೂ ಮಾತಾಡದ ಆ ಹೊತ್ತು ತಡೆಯಲಾರದೆ ನೀಲಮ್ಮ ನನಗೆಂದೇ ಶುರುಮಾಡಿದರು. ಅಪ್ಪ ಎರಡೂ ರೇಡಿಯೋ ತೊಡೆಯ ಮೇಲಿಟ್ಟುಕೊಂಡು, ಬಿಜಾಪುರದಿಂದ ಸಿಂದಗಿಯವರೆಗೆ ಬಸ್ಸಿನಲ್ಲಿ ಅಲುಗದೆ ಕೂತು ಬಂದನಂತೆ.

"ಬಸ್ಸಲ್ಲs ಅಕ್ಕಾ, ಚಕ್ಕಡಿ," ಎಂದರು ಕಾಶೀಬಾಯಿ. "ನೀ ಒಳಗ ಅರಿಷಿಣ ಹಚ್ಚಿಸ್ಕೊಳ್ಳಾಕತ್ತಿದ್ದಿ, ನಿಂಗೇನ್ ಗೊತ್ತು."

ಅಷ್ಟು ಅಂದ ಮೇಲೆ, ತಾವು ಯಾರ ಜೊತೆ ಮಾತಾಡಿದೆವೆಂದು ಹೊಳೆದು ಗಪ್ಪನೆ ಬಾಯಿ ಮುಚ್ಚಿದರು. ಸುನಂದಾ ಕೈಯಲ್ಲಿದ್ದ ಕಪ್ಪು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ನೀಲಮ್ಮ ತಂಗಿಯ ಕಡೆ ತಿರುಗಲಿಲ್ಲ. ಸೋಫಾದ ಬಟ್ಟೆ ಸರಿಮಾಡುತ್ತ ಕೇಳಿದರು.

"ಚಕ್ಕಡಿ ಅಂದ್ರ ಯಾರ ಚಕ್ಕಡಿ? ಕಾಕಾಂದೇನು?"

"ಕಾಕಾಂದs. ಒಂದು ಎತ್ತು ಕುಂಟತಿತ್ತಲ್ಲ."

"ಹೌದು ನೋಡು. ಕುಂಟತಿತ್ತು."

ಅಲ್ಲಿಂದ ಮುಂದೆ ಕಟ್ಟೆ ಒಡೆದ ಹಾಗಾಯಿತು. ಕುಂಟೆತ್ತಿನಿಂದ ಹಂದರಕ್ಕೆ, ಹಂದರದಿಂದ ಬೀಗರು ಮುನಿಸಿಕೊಂಡದ್ದಕ್ಕೆ, ಅಲ್ಲಿಂದ ಯಾರ ಸೀರೆಗೆ ಚಹಾ ಚೆಲ್ಲಿತೆಂಬುದಕ್ಕೆ ಮಾತು ಹರಿಯಿತು. ಸುನಂದಾಳೂ ನಡುವೆ ಹೋಗಿ ಕೂತಳು. ನಾನು ವಾಲ್ವು ತಣ್ಣಗಾದುದನ್ನು ಮುಟ್ಟಿ ನೋಡಿ, ಜಾಗ ಬದಲಿಸಿ, ಮತ್ತೆ ಚಾಲೂ ಮಾಡಿ, ಕಾದು, ಅದೇ ಹಾಡು ಹಚ್ಚಿ, ಗಂಟಲು ಸರಿಮಾಡಿಕೊಂಡು ಹೇಳಿದೆ. "ಈಗ ಲಕ್ಷ್ಯ ಕೊಟ್ಟು ಕೇಳ್ರಿ. ಫರಕ ತಿಳೀತೈತಿ."

ನೀಲಮ್ಮ ನನ್ನತ್ತ ನೋಡಿದರು. "ಡಾಕ್ಟರ್ರ, ಸ್ವಲ್ಪ ಸಣ್ಣಗ ಮಾಡ್ರಿ. ಕಾಶಿ ಮಾತು ಕೇಳಸಂಗಿಲ್ಲ."

ಸಣ್ಣಗೆ ಮಾಡಿದೆ. ಸ್ಪೀಕರಿಗೆ ಕಿವಿ ಹಚ್ಚಿ ಒಬ್ಬನೇ ಕೇಳಿದೆ. ಎಮ್ಮೆಯ ಪಕ್ಕೆಗೆ ಬಾಗುವ ಹಾಗೇ ಬಾಗಿದ್ದೆನೆಂದು ಸುನಂದಾ ಆಮೇಲೆ ಹೇಳಿದಳು.

ಸಂಜೆ ಹೊರಡುವಾಗ ಹೊಸ ಫಜೀತಿ. ತನಗೆ ಅಕ್ಕನದೇ ಬೇಕೆಂದು ಕಾಶೀಬಾಯಿ, ತಂಗಿಯದೇ ಬೇಕೆಂದು ನೀಲಮ್ಮ. ವಾಲ್ವುಗಳನ್ನು ನನಗೇ ಬಿಟ್ಟುಹೋಗುವ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಎರಡನ್ನೂ ಕಿತ್ತು ಮೇಜಿನ ಮೇಲಿಟ್ಟ ಮೇಲೆ ಯಾವುದು ಯಾರದೆಂದು ನನಗೇ ಗೊತ್ತಾಗಲಿಲ್ಲ. ಗುರುತು ಮಾಡಿರಲಿಲ್ಲ. ಮತ್ತೊಮ್ಮೆ ಹಾಕಿದರೆ ಕೇಳಿ ಹೇಳುತ್ತೇನೆ ಎಂದೆ.

"ಬಸ್ಸಿಗೆ ಹೊತ್ತಾತು," ಎಂದು ಸುನಂದಾ ಒಂದನ್ನು ಇವರ ಚೀಲಕ್ಕೆ, ಒಂದನ್ನು ಅವರ ಚೀಲಕ್ಕೆ ಹಾಕಿದಳು. ಇಬ್ಬರೂ ತೃಪ್ತರಾಗಿ, ಒಬ್ಬರ ಕೈ ಒಬ್ಬರು ಹಿಡಿದು ಮೆಟ್ಟಿಲಿಳಿದರು.

ನಾನು ನನ್ನ ಮೊದಲಿನ ವಾಲ್ವುಗಳನ್ನೇ ಸಿಕ್ಕಿಸಿ, ಅದೇ ವಚನ ಹಚ್ಚಿ, ಕಣ್ಣು ಮುಚ್ಚಿ ಕೂತೆ. ತಂಬೂರಿ ಬಂತು. ಹಾರ್ಮೋನಿಯಂ ಉಸಿರೆಳೆದುಕೊಂಡಿತು. ನನ್ನ ಈ ಎರಡು ಕಿವಿಗಳಾಣೆ, ಎಷ್ಟು ಹುಡುಕಿದರೂ ಮಧ್ಯಾಹ್ನಕ್ಕೂ ಈಗಕ್ಕೂ ಕೂದಲೆಳೆಯಷ್ಟು ಫರಕು ನನಗೆ ಸಿಗಲಿಲ್ಲ.

"ಯಾಕೋ ಮನಿ ಭಣಭಣ ಅನ್ನಾಕತ್ತೈತ್ರಿ," ಎಂದಳು ಸುನಂದಾ. "ಮಧ್ಯಾನ್ನ ಎಷ್ಟ ಚೊಲೋ ಇತ್ತು."

ವಾಲ್ವುಗಳ ಹುಚ್ಚು ಅಂದಿಗೇ ಬಿಟ್ಟಿತು ಎಂದು ನಾನು ಅವಳ ಮುಂದೆ ಘೋಷಿಸಿದೆ. ಅವಳು ನಂಬಿದಳು, ನಾನೂ ನಂಬಿದೆ. ಮೂರ್ನಾಲ್ಕು ದಿನದ ಮೇಲೆ ಸಿಂದಗಿಯ ಕಡೆಯಿಂದ ಯಾರೋ ಫೋನು ಮಾಡಿ, ಆಡಿಗೆ ಆರಾಮಿಲ್ಲ, ಬರಬೇಕು ಎಂದರು. ಈಗ ವಯಸ್ಸಾಯಿತು, ಅಷ್ಟು ದೂರ ಬರುವುದಾಗುವುದಿಲ್ಲ ಎಂದೆ. ಮನೆ ಗುರುತು ಸುಲಭ, ಹೊರಗಿನ ಗೂಡಿನಲ್ಲಿ ಅಜ್ಜನ ಕಾಲದ ದೊಡ್ಡ ರೇಡಿಯೋ ಕಾಣುತ್ತದೆ ಎಂದರು. ಈಗಲೇ ಹೊರಟೆ ಎಂದು ಫೋನಿಟ್ಟು, ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ಊರು ದಾಟಿದ ಮೇಲೆ ನೆನಪಾಯಿತು. ಆಡಿಗೆ ಏನಾಗಿದೆ ಎಂದು ಕೇಳಿರಲಿಲ್ಲ, ಔಷಧಿಯ ಚೀಲವನ್ನೂ ತಂದಿರಲಿಲ್ಲ. ಕೈಯಲ್ಲಿದ್ದದ್ದು ಒಂದು ಸ್ಕ್ರೂಡ್ರೈವರು, ಜೇಬಿನಲ್ಲಿ ಒಂದು ಮುಷ್ಟಿ ಹತ್ತಿ.